ಕೊಪಿಟಿಯಾಮ್‌ನಲ್ಲಿ ತಿಂಡಿ: ಹೈನಾನೀಸ್ ಕಾಫಿ ಅಂಗಡಿಗೆ ಒಂದು ಸಮಗ್ರ ಮಾರ್ಗದರ್ಶಿ

ಸಿಂಗಾಪುರ, ಮಲೇಷ್ಯಾಗಳಿಗೆ ಹೋದ ಕನ್ನಡಿಗರು ಬೆಳಗಿನ ತಿಂಡಿಗೆ ಹೋಟೆಲಿನ ಬಫೆ ಹಿಡಿಯುತ್ತಾರೆ, ಇಲ್ಲವೇ ಲಿಟಲ್ ಇಂಡಿಯಾದ ಇಡ್ಲಿ-ದೋಸೆ. ಬೀದಿ ಮೂಲೆಯ ಕೊಪಿಟಿಯಾಮ್ ಎದುರು ನಿಂತು, ಒಳಗೆ ಇಣುಕಿ, ಸುಮ್ಮನೆ ಮುಂದೆ ಹೋಗುವವರೇ ಹೆಚ್ಚು. ಒಳಗೆ ಯಾರೋ ಏನನ್ನೋ ಕೂಗುತ್ತಿರುತ್ತಾರೆ, ಗೋಡೆಯ ಮೇಲಿನ ಪಟ್ಟಿ ಚೀನೀ ಅಕ್ಷರದಲ್ಲಿರುತ್ತದೆ, ಮೂಲೆಯ ಮೇಜಿನ ಅಜ್ಜ ಅರೆಬೆಂದ ಮೊಟ್ಟೆಯನ್ನು ಬಸಿಯಿಂದಲೇ ಸೊರ್ರನೆ ಹೀರುತ್ತಿರುತ್ತಾನೆ. ಹಿಂಜರಿಕೆ ಸಹಜ. ಆದರೆ ಇಲ್ಲಿನ ಪದ್ಧತಿ ಒಮ್ಮೆ ತಿಳಿದರೆ ನಮ್ಮ ದರ್ಶಿನಿಗಿಂತ ಕಷ್ಟವೇನಿಲ್ಲ.

'ಕೊಪಿ' ಎಂದರೆ ಮಲಯ ಭಾಷೆಯಲ್ಲಿ ಕಾಫಿ, 'ಟಿಯಾಮ್' ಎಂದರೆ ಹೊಕ್ಕಿಯನ್ ಎಂಬ ಚೀನೀ ಮಾತಿನಲ್ಲಿ ಅಂಗಡಿ. ಚೀನಾದ ದಕ್ಷಿಣ ತುದಿಯ ಹೈನಾನ್ ದ್ವೀಪದವರು ಈ ಕಡೆಗೆ ತಡವಾಗಿ ವಲಸೆ ಬಂದರು. ಅಷ್ಟರಲ್ಲಿ ವ್ಯಾಪಾರ, ಕಸುಬುಗಳೆಲ್ಲ ಹೊಕ್ಕಿಯನ್, ತಿಯೊಚ್ಯೂ, ಕ್ಯಾಂಟನೀಸ್ ಜನರ ಕೈಸೇರಿದ್ದವು. ಉಳಿದದ್ದು ಬ್ರಿಟಿಷರ ಬಂಗಲೆ, ಹಡಗು, ಹೋಟೆಲುಗಳ ಅಡುಗೆಮನೆ. ಅಲ್ಲಿ ಕಾಫಿ, ಟೋಸ್ಟ್, ಮೊಟ್ಟೆ, ಚಾಪ್ ಮಾಡಲು ಕಲಿತವರು ಆಮೇಲೆ ಸ್ವಂತ ಅಂಗಡಿ ತೆರೆದು, ಅದೇ ತಿಂಡಿಯನ್ನು ಕೂಲಿಕಾರರಿಗೆ ಎಟುಕುವ ಬೆಲೆಗೆ, ತಮ್ಮ ರುಚಿಗೆ ತಿರುಗಿಸಿ ಕೊಟ್ಟರು. ಊರು ಬಿಟ್ಟು ಬಂದು ಹೋಟೆಲ್ ಇಟ್ಟ ಉಡುಪಿಯವರ ಕಥೆ ಗೊತ್ತಿರುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹೋಗುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಕಾಫಿ, ಕಾಯಾ (ಮೊಟ್ಟೆ-ತೆಂಗಿನ ಹಾಲಿನ ಜಾಮ್) ಹಾಕಿದ ಟೋಸ್ಟ್, ಎರಡು ಅರೆಬೆಂದ ಮೊಟ್ಟೆ, ಈ ಮೂರೂ ಸೇರಿ ಇಲ್ಲಿ ಒಂದೇ ತಿಂಡಿ. ಕಾಫಿಯ ಕಹಿ, ಕಾಯಾದ ಸಿಹಿ, ಮೊಟ್ಟೆಗೆ ಹಾಕುವ ಸೋಯಾ ಸಾಸ್‌ನ ಉಪ್ಪು ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಇವನ್ನು ಬಿಡಿಬಿಡಿಯಾಗಿ, ಸಾವಕಾಶವಾಗಿ ತಿಂದವರೇ 'ಏನಿದು, ಬರೀ ಬ್ರೆಡ್-ಜಾಮ್' ಎಂದು ಮೂಗು ಮುರಿಯುವುದು.

ಯಾವ ಅಂಗಡಿ, ಎಷ್ಟು ಹೊತ್ತಿಗೆ

ಕೊಪಿಟಿಯಾಮ್ ಎಂಬ ಹೆಸರಿನಡಿ ಮೂರು ಬಗೆಯ ಜಾಗಗಳಿವೆ. ಒಂದು, ಮಾಲ್‌ಗಳಲ್ಲಿರುವ ಸರಣಿ ಅಂಗಡಿ. 1944ರಲ್ಲಿ ಶುರುವಾದ ಯಾ ಕುನ್, 1919ರಷ್ಟು ಹಿಂದಿನ ಕಿಲ್ಲಿನಿ ಇವುಗಳ ಶಾಖೆಗಳಲ್ಲಿ ಇಂಗ್ಲಿಷ್ ಮೆನು, ಚಿತ್ರ, ಸೆಟ್ ನಂಬರ್ ಎಲ್ಲ ಇರುತ್ತವೆ. ಮೊದಲ ಸಲಕ್ಕೆ ಇದು ಸುಲಭ. ಎರಡು, ವಸತಿ ಕಟ್ಟಡಗಳ ಕೆಳಗಿನ ದೊಡ್ಡ ಕೊಪಿಟಿಯಾಮ್. ಅಲ್ಲಿ ಪಾನೀಯದ ಕೌಂಟರ್ ಒಬ್ಬರದು, ಸುತ್ತಲಿನ ಊಟದ ಮಳಿಗೆಗಳು ಬೇರೆ ಬೇರೆಯವರದು. ಮೂರನೆಯದು, ಇದ್ದಿಲಿನ ಒಲೆ, ಅಮೃತಶಿಲೆಯ ಮೇಜು, ಬಾಗಿಸಿದ ಮರದ ಕುರ್ಚಿ ಇರುವ ಹಳೆಯ ಅಂಗಡಿ. ಸಿಂಗಾಪುರದ ನಾರ್ತ್ ಬ್ರಿಜ್ ರಸ್ತೆಯ ಹೀಪ್ ಸೆಂಗ್ ಲಿಯೊಂಗ್, ಈಸ್ಟ್ ಕೋಸ್ಟ್ ರಸ್ತೆಯ ಚಿನ್ ಮೀ ಚಿನ್ (1925ರದ್ದು, 2018ರಲ್ಲಿ ಮುಚ್ಚಿ 2021ರಲ್ಲಿ ಮತ್ತೆ ತೆರೆಯಿತು), ಕ್ವಾಲಾಲಂಪುರದ ಯುತ್ ಕೀ (1928), ಜೊಹೊರ್ ಬಾರುವಿನ ಹುವಾ ಮುಯಿ (1946) ಈ ಸಾಲಿನವು. ಆಯ್ಕೆ ನಿಮ್ಮ ಕೈಲಿದ್ದರೆ ಮೂರನೆಯದಕ್ಕೇ ಹೋಗಿ. ಇದ್ದಿಲಿನ ಮೇಲೆ ಸುಟ್ಟ ಬ್ರೆಡ್ಡಿಗೂ ಯಂತ್ರದಿಂದ ಹಾರಿಬಂದ ಬ್ರೆಡ್ಡಿಗೂ ಇರುವ ವ್ಯತ್ಯಾಸ ಮೊದಲ ತುತ್ತಿಗೇ ತಿಳಿಯುತ್ತದೆ.

ಬೆಳಿಗ್ಗೆ ಏಳರ ಒಳಗೆ, ಇಲ್ಲವೇ ಹತ್ತರ ಮೇಲೆ ಹೋಗಿ. ನಡುವಿನ ಹೊತ್ತು ಆಫೀಸಿಗೆ ಓಡುವವರದು. ಹಳೆಯ ಅಂಗಡಿಗಳು ಮಧ್ಯಾಹ್ನದ ನಂತರ ಬಾಗಿಲು ಹಾಕುವುದು ಸಾಮಾನ್ಯ, ಬ್ರೆಡ್ ಅದಕ್ಕೂ ಮುಂಚೆ ಮುಗಿದಿರಬಹುದು. ಚೀನೀ ಹೊಸ ವರ್ಷದ ದಿನಗಳಲ್ಲಿ, ಅಂದರೆ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ, ಬಾಗಿಲು ತೆರೆದಿರುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಜಾಗ ಹಿಡಿಯುವುದು

ಯಾರೂ ಬಂದು ಕೂರಿಸುವುದಿಲ್ಲ. ಖಾಲಿ ಕುರ್ಚಿ ಕಂಡರೆ ಕೂತುಬಿಡಿ. ಮೇಜಿನ ಇನ್ನೊಂದು ಬದಿಯಲ್ಲಿ ಅಪರಿಚಿತರಿದ್ದರೆ ಕೈಸನ್ನೆಯಲ್ಲಿ ಕೇಳಿದರೆ ಸಾಕು. ಸಿಂಗಾಪುರದಲ್ಲಿ ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟಿದ್ದರೆ ಅದು ಯಾರೋ ಮರೆತದ್ದಲ್ಲ. ಆ ಜಾಗ ಹಿಡಿದಾಗಿದೆ. ನಮ್ಮ ಬಸ್ಸಿನ ಸೀಟಿಗೆ ಕಿಟಕಿಯಿಂದ ಎಸೆದ ಕರವಸ್ತ್ರದ ಹಾಗೆ. ಇದಕ್ಕೆ ಅಲ್ಲಿನ ಮಾತು 'ಚೋಪ್'. ನೀವೂ ಹಾಗೆ ಮಾಡಬಹುದು, ಆದರೆ ಟಿಶ್ಯೂ ಇಡಿ, ಪರ್ಸ್ ಇಡಬೇಡಿ.

ಕೂತ ಮೇಲೆ ಮೇಜಿನ ನಂಬರ್ ನೋಡಿಕೊಳ್ಳಿ. ಬೇರೆ ಮಳಿಗೆಯಿಂದ ತಿಂಡಿ ತರಿಸುವಾಗ ಅದನ್ನೇ ಕೇಳುತ್ತಾರೆ. ಪಾನೀಯದವರು ತಾವೇ ಮೇಜಿಗೆ ಬರುತ್ತಾರೆ, ಇಲ್ಲದಿದ್ದರೆ ಕೌಂಟರಿಗೆ ಹೋಗಿ. ವಯಸ್ಸಾದವರನ್ನು 'ಅಂಕಲ್', 'ಆಂಟಿ' ಎಂದು ಕರೆಯುವುದು ಅಲ್ಲಿ ಗೌರವದ ಮಾತೇ. ಮಲೇಷ್ಯಾದಲ್ಲಿ 'ಬಾಸ್' ಎಂದೂ ಕೇಳುತ್ತೀರಿ. ಅಂಗಡಿಯ ಮಾಲೀಕರ ಲಾಭ ಹೆಚ್ಚಾಗಿ ಪಾನೀಯದಿಂದ ಬರುವುದರಿಂದ ಊಟ ಮಾತ್ರ ತರಿಸಿ ಕೂರುವುದು ಚೆನ್ನಾಗಿರುವುದಿಲ್ಲ. ಪೆನಾಂಗ್‌ನ ಕೆಲವೆಡೆ ಪಾನೀಯ ಬೇಡವೆಂದವರಿಗೆ ಸಣ್ಣ ಶುಲ್ಕವನ್ನೇ ಹಾಕುತ್ತಾರೆ.

ಕಾಫಿ ಕೇಳುವ ಭಾಷೆ

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಕಾಫಿ ಆಗುವ ಬಗೆ. ಬೀಜ ಬಹುತೇಕ ರೊಬಸ್ಟಾ, ಹೆಚ್ಚಾಗಿ ಇಂಡೊನೇಷ್ಯಾದ್ದು. ಹುರಿಯುವಾಗ ಸಕ್ಕರೆ ಮತ್ತು ಬೆಣ್ಣೆ ಅಥವಾ ಮಾರ್ಗರೀನ್ ಸೇರಿಸುತ್ತಾರೆ. ಸಕ್ಕರೆ ಕರಗಿ, ಕಪ್ಪಾಗಿ ಬೀಜಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಫಿಲ್ಟರ್ ಕಾಫಿಗೆ ಚಿಕೋರಿ ಕೊಡುವ ಬಣ್ಣ ಮತ್ತು ಮಂದತನ ಕೊಪಿಗೆ ಬರುವುದು ಈ ಸುಟ್ಟ ಸಕ್ಕರೆಯಿಂದ. ಪುಡಿಯನ್ನು ಕಾಲುಚೀಲದಂತಹ ಉದ್ದನೆಯ ಬಟ್ಟೆಯ ಸೋಸಣಿಗೆಗೆ ಹಾಕಿ, ಉದ್ದ ಮೂತಿಯ ಪಾತ್ರೆಯೊಳಗೆ ಇಳಿಬಿಟ್ಟು, ಕುದಿಯುವ ನೀರು ಸುರಿಯುತ್ತಾರೆ. ಕೆಲವು ನಿಮಿಷ ನೆನೆಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸೋಸುತ್ತಾರೆ. ಹೀಗೆ ಬಂದದ್ದು ಗಟ್ಟಿ ಡಿಕಾಕ್ಷನ್. ಬಿಸಿನೀರಲ್ಲಿ ಅದ್ದಿ ಕಾಯಿಸಿದ ದಪ್ಪ ಪಿಂಗಾಣಿ ಲೋಟದ ತಳಕ್ಕೆ ಕಂಡೆನ್ಸ್ಡ್ ಮಿಲ್ಕ್, ಅದರ ಮೇಲೆ ಡಿಕಾಕ್ಷನ್, ಕೊನೆಗೆ ಬಿಸಿನೀರು. ಲೋಟದ ಹಿಡಿಯೂ ಸುಡುತ್ತಿರುತ್ತದೆ, ಎಚ್ಚರ.

ಈ ಮೂರು ಪದರಗಳನ್ನು ಕಣ್ಣ ಮುಂದೆ ಇಟ್ಟುಕೊಂಡರೆ ಅಲ್ಲಿ ಕೂಗುವ ಪ್ರತಿಯೊಂದು ಮಾತೂ ತಾನೇ ಬಿಡಿಸಿಕೊಳ್ಳುತ್ತದೆ. ಒಂದೊಂದು ಮಾತೂ ಯಾವುದೋ ಒಂದು ಪದರವನ್ನು ಹೆಚ್ಚು ಕಡಿಮೆ ಮಾಡುತ್ತದೆ, ಅಷ್ಟೇ.

ಹಾಲು ಮೊದಲು. ಬರೀ 'ಕೊಪಿ' ಎಂದರೆ ಕಂಡೆನ್ಸ್ಡ್ ಮಿಲ್ಕ್ ಹಾಕಿದ್ದು. ಸಕ್ಕರೆ ಅದರಲ್ಲೇ ಇದೆ. 'ಕೊಪಿ-ಓ' ಎಂದರೆ ಹಾಲಿಲ್ಲದ್ದು, ಸಕ್ಕರೆ ಉಂಟು. 'ಓ' ಹೊಕ್ಕಿಯನ್ನಿನಲ್ಲಿ ಕಪ್ಪು. 'ಕೊಪಿ-ಸಿ' ಎಂದರೆ ಸಿಹಿಯಿಲ್ಲದ ಎವಾಪರೇಟೆಡ್ ಮಿಲ್ಕ್, ಸಕ್ಕರೆ ಬೇರೆಯಾಗಿ. ಈ 'ಸಿ' ಕಾರ್ನೇಷನ್ ಹಾಲಿನ ಡಬ್ಬಿಯ ಮೊದಲಕ್ಷರ ಎಂದು ಕೆಲವರು, ತಾಜಾ ಎಂಬರ್ಥದ ಹೈನಾನೀಸ್ ಮಾತು ಎಂದು ಕೆಲವರು.

ಆಮೇಲೆ ಗಟ್ಟಿತನ. 'ಗಾವ್' ಎಂದರೆ ಡಿಕಾಕ್ಷನ್ ಜಾಸ್ತಿ, ನೀರು ಕಡಿಮೆ. 'ಪೊ' ಎಂದರೆ ತೆಳ್ಳಗೆ. 'ದಿ ಲೊ' ಎಂದರೆ ನೀರು ಸೋಕಿಸದೆ ಡಿಕಾಕ್ಷನ್ನೇ ತುಂಬಿಸಿ ಕೊಡುವುದು. ಇದು ಸ್ಟ್ರಾಂಗ್ ಕಾಫಿಯ ಹುರಿಯಾಳುಗಳಿಗೂ ಒಂದು ಪರೀಕ್ಷೆಯೇ. ರಾತ್ರಿ ನಿದ್ದೆ ಬೇಕಿದ್ದವರು ಸಂಜೆ ಇದನ್ನು ಕೇಳಬಾರದು.

ಮೂರನೆಯದು ಸಿಹಿ. 'ಸಿಯು ದಾಯ್' ಎಂದರೆ ಸಿಹಿ ಕಡಿಮೆ, 'ಗಾ ದಾಯ್' ಎಂದರೆ ಜಾಸ್ತಿ, 'ಕೊಸೊಂಗ್' ಎಂದರೆ ಸಕ್ಕರೆಯೇ ಬೇಡ. ಕೊಸೊಂಗ್ ಮಲಯ ಮಾತು, ಖಾಲಿ ಎಂದರ್ಥ. ಕೊನೆಯಲ್ಲಿ ಐಸ್ ಬೇಕಿದ್ದರೆ 'ಪೆಂಗ್'. ಮಲೇಷ್ಯಾದಲ್ಲಿ ಐಸ್‌ಗೆ 'ಐಸ್', ಸಿಹಿ ಕಡಿಮೆಗೆ 'ಕುರಾಂಗ್ ಮಾನಿಸ್' ಎಂದರೂ ನಡೆಯುತ್ತದೆ.

ಜೋಡಿಸಿ ಹೇಳುವುದು ಹೀಗೆ: ಪಾನೀಯ, ಹಾಲು, ಗಟ್ಟಿತನ, ಸಿಹಿ, ಐಸ್. 'ಕೊಪಿ-ಸಿ ಗಾವ್ ಸಿಯು ದಾಯ್' ಎಂದರೆ ಎವಾಪರೇಟೆಡ್ ಹಾಲಿನ, ಸ್ಟ್ರಾಂಗ್, ಸಕ್ಕರೆ ಕಡಿಮೆ ಇರುವ ಬಿಸಿ ಕಾಫಿ. ಫಿಲ್ಟರ್ ಕಾಫಿಯ ನಾಲಿಗೆಯವರು ಮೊದಲ ದಿನ ಇದನ್ನೇ ಕೇಳಿದರೆ ಒಳ್ಳೆಯದು. ಮನೆಯ ಕಾಫಿಗೆ ಇದೇ ಅತಿ ಹತ್ತಿರ. ಪದಗಳು ಹಿಂದುಮುಂದಾದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ತಪ್ಪುವುದು ಎಲ್ಲೆಲ್ಲಿ? ಮೊದಲನೆಯದು 'ಕೊಪಿ ಕೊಸೊಂಗ್'. ಕಂಡೆನ್ಸ್ಡ್ ಮಿಲ್ಕ್‌ನಲ್ಲೇ ಸಕ್ಕರೆ ಇರುವಾಗ ಅದನ್ನು ಹಾಕಿ ಸಕ್ಕರೆ ಬೇಡವೆಂದರೆ ಅಂಕಲ್ ಏನು ಮಾಡಬೇಕು? ಒಬ್ಬೊಬ್ಬರು ಒಂದೊಂದು ರೀತಿ ಅರ್ಥ ಮಾಡಿಕೊಳ್ಳುತ್ತಾರೆ. ಸಕ್ಕರೆ ಬೇಡದವರು 'ಕೊಪಿ-ಸಿ ಕೊಸೊಂಗ್' ಅಥವಾ 'ಕೊಪಿ-ಓ ಕೊಸೊಂಗ್' ಎಂದೇ ಸ್ಪಷ್ಟವಾಗಿ ಹೇಳಬೇಕು. ಮಧುಮೇಹಿಗಳಿಗೆ ಇನ್ನೊಂದು ಮಾತು: ಬೀಜ ಹುರಿಯುವಾಗಲೇ ಸಕ್ಕರೆ ಬಿದ್ದಿರುತ್ತದೆ. ಎರಡನೆಯದು 'ಕೊಪಿ ಸಿಯು ದಾಯ್'. ಸಿಹಿ ಕಡಿಮೆ ಮಾಡಲು ಹಾಲನ್ನೇ ಕಡಿಮೆ ಹಾಕುತ್ತಾರೆ, ಕಾಫಿ ಕಹಿಯೂ ಕಪ್ಪೂ ಆಗುತ್ತದೆ. ಕಡಿಮೆ ಸಿಹಿ, ಆದರೂ ಹಾಲು ತುಂಬ ಬೇಕೆನ್ನುವವರಿಗೆ 'ಸಿ'ಯೇ ಸರಿ. ಮೂರನೆಯದು ಕಲಕದೆ ಕುಡಿಯುವುದು. ಮೊದಲರ್ಧ ವಿಷದಂತೆ ಕಹಿ, ಕೊನೆಯ ಗುಟುಕು ಪಾಯಸ. ಚಮಚ ತಳ ಮುಟ್ಟುವಂತೆ ಕಲಕಿ. ಬೇಕೆಂದೇ ಅರ್ಧ ಕಲಕಿ ಸಿಹಿಯನ್ನು ತಳದಲ್ಲೇ ಬಿಡುವ ಹಳಬರೂ ಇದ್ದಾರೆ.

ಚಹಾಕ್ಕೂ ಇದೇ ವ್ಯಾಕರಣ: 'ತೇ', 'ತೇ-ಓ', 'ತೇ-ಸಿ'. ಕಾಫಿ-ಚಹಾ ಬೆರೆಸಿದ್ದು ಸಿಂಗಾಪುರದಲ್ಲಿ 'ಯುಆನ್‌ಯಾಂಗ್', ಮಲೇಷ್ಯಾದಲ್ಲಿ 'ಚಾಮ್'. ಮಕ್ಕಳಿದ್ದರೆ ಮೈಲೊ ಎಂಬ ಚಾಕೊಲೇಟ್-ಮಾಲ್ಟ್ ಪಾನೀಯ ಎಲ್ಲ ಕಡೆ ಸಿಗುತ್ತದೆ. ಬಿಸಿ ಕಾಫಿಯ ಮೇಲೆ ಒಂದು ತುಂಡು ಬೆಣ್ಣೆ ತೇಲಿಸಿ ಕೊಡುವ 'ಕೊಪಿ ಗು ಯೂ' ಕೆಲವೇ ಹಳೆಯ ಅಂಗಡಿಗಳಲ್ಲಿ ಉಳಿದಿದೆ. ಹೀಪ್ ಸೆಂಗ್ ಲಿಯೊಂಗ್ ಹೆಸರಾಗಿರುವುದೇ ಅದಕ್ಕೆ. ಮಲೇಷ್ಯಾದ ಐಪೊ ಊರಿನ 'ವೈಟ್ ಕಾಫಿ'ಯ ಬೀಜವನ್ನು ಸಕ್ಕರೆಯಿಲ್ಲದೆ ಮಾರ್ಗರೀನ್‌ನಲ್ಲಷ್ಟೇ ಹುರಿಯುವುದರಿಂದ ಬಣ್ಣ ತಿಳಿ, ಕಹಿ ಕಡಿಮೆ. ಅಂದಹಾಗೆ, ನಮ್ಮ 'ಬೈ ಟು' ಇಲ್ಲಿ ಯಾರಿಗೂ ಗೊತ್ತಿಲ್ಲ.

ಟೋಸ್ಟ್

ಕಾಯಾ ಎಂದರೆ ಮೊಟ್ಟೆ, ತೆಂಗಿನ ಹಾಲು, ಸಕ್ಕರೆ ಮತ್ತು ಪಂಡಾನ್ ಎಂಬ ಸುವಾಸನೆಯ ಎಲೆಯನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕೆದಕಿ ಮಾಡಿದ ಲೇಹ್ಯ. ಮಲಯದಲ್ಲಿ ಕಾಯಾ ಎಂದರೆ ಶ್ರೀಮಂತ. ತೆಂಗಿನಕಾಯಿ ನೆನಪಾಗುವುದು ಕನ್ನಡಿಗರಿಗೆ ಮಾತ್ರ. ಹೈನಾನೀಸರ ಕಾಯಾ ಕಂದು, ಸಕ್ಕರೆಯನ್ನು ಕಂದಿಸುವುದರಿಂದ. ಹಸಿರಾಗಿದ್ದರೆ ಅದು ಪಂಡಾನ್ ರಸ ಹೆಚ್ಚಿರುವ ನ್ಯೋನ್ಯಾ, ಅಂದರೆ ಚೀನೀ-ಮಲಯ ಬೆರೆತ ಮನೆತನಗಳ, ಶೈಲಿಯದು.

ಒಳ್ಳೆಯ ಟೋಸ್ಟಿನಲ್ಲಿ ಬೆಣ್ಣೆ ಸವರಿರುವುದಿಲ್ಲ. ತಣ್ಣನೆಯ, ಗಟ್ಟಿ ಬಿಲ್ಲೆಯಾಗಿ ಕೂತಿರುತ್ತದೆ. ಬಿಸಿ ಬ್ರೆಡ್ಡಿಗೆ ತಾಗಿದ ಅಂಚು ಮಾತ್ರ ಕರಗುತ್ತಿರಬೇಕು. 'ಇಷ್ಟು ಬೆಣ್ಣೆ ಯಾಕೆ' ಎಂದು ಹೊರಗೆ ಎಳೆದು ಹಾಕುವವರಿದ್ದಾರೆ. ಹಾಗೆ ಮಾಡಿದರೆ ಉಳಿಯುವುದು ಬರೀ ಸಿಹಿ. ಐದು ನಿಮಿಷ ಬಿಟ್ಟರೆ ಬೆಣ್ಣೆ ಪೂರ್ತಿ ಇಳಿದು ಬ್ರೆಡ್ ಮೆತ್ತಗಾಗುತ್ತದೆ, ಆದ್ದರಿಂದ ಫೋಟೊ ಒಂದೇ ಸಾಕು. ಗರಿಗರಿ ಬೇಡದವರಿಗೆ, ಹಲ್ಲಿನ ತೊಂದರೆಯ ಹಿರಿಯರಿಗೆ ಹಬೆಯಲ್ಲಿ ಬೇಯಿಸಿದ ಬ್ರೆಡ್ ಹಲವೆಡೆ ಸಿಗುತ್ತದೆ.

ಮೊಟ್ಟೆ ಒಡೆಯುವುದು

ಮೊಟ್ಟೆ ಮೂರು ರೀತಿಯಲ್ಲಿ ಬರಬಹುದು: ಬಸಿಯೊಳಗೆ ಒಡೆದೇ ಕೊಡಬಹುದು, ಬೆಂದ ಇಡೀ ಮೊಟ್ಟೆಯನ್ನು ಖಾಲಿ ಬಸಿಯ ಜೊತೆ ಕೊಡಬಹುದು, ಅಥವಾ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ಮುಚ್ಚಳ ಮುಚ್ಚಿ ಕೊಡಬಹುದು. ಮೂರನೆಯದಾದರೆ ಎಷ್ಟು ನಿಮಿಷ ಕಾಯಬೇಕೆಂದು ಕೇಳಿ, ಗಡಿಯಾರ ನೋಡಿ ಹೊರತೆಗೆಯಿರಿ. ಮಾತಾಡುತ್ತ ಮರೆತರೆ ಹಳದಿ ಲೋಳೆ ಗಟ್ಟಿಯಾಗಿಬಿಡುತ್ತದೆ.

ಒಡೆಯಲು ಬಸಿಯ ಅಂಚಿಗೆ ಕುಟ್ಟುವುದು ಬೇಡ. ಒಳಗಿನದು ದ್ರವ, ಚಿಪ್ಪು ನುಚ್ಚಾಗಿ ಅದರಲ್ಲೇ ಸೇರುತ್ತದೆ. ಮೊಟ್ಟೆಯನ್ನು ಬಸಿಯ ಮೇಲೆ ಅಡ್ಡ ಹಿಡಿದು, ಸೊಂಟಕ್ಕೆ ಚಮಚದ ಅಂಚಿನಿಂದ ಒಂದೇ ಗಟ್ಟಿ ಏಟು. ಬಿರುಕಿಗೆ ಎರಡೂ ಹೆಬ್ಬೆರಳಿಟ್ಟು ಬಿಡಿಸಿ. ಚಿಪ್ಪಿನ ಒಳಗೆ ಅಂಟಿದ ಬಿಳಿಯನ್ನು ಚಮಚದಿಂದ ಕೆರೆದು ಹಾಕಿ. ಚೆನ್ನಾಗಿ ಬೆಂದ ಭಾಗ ಅದೇ.

ಸರಿಯಾಗಿ ಬೆಂದಿದ್ದರೆ ಬಿಳಿ ಮೊಸರಿನಂತೆ ಅಲುಗುತ್ತದೆ, ಹಳದಿ ಇಡಿಯಾಗಿ, ಒಳಗೆ ದ್ರವವಾಗಿರುತ್ತದೆ. ಬಿಳಿ ನೀರಿನಂತೆ ಪಾರದರ್ಶಕವಾಗಿದ್ದರೆ ಬೆಂದಿಲ್ಲ, ಸಂಕೋಚವಿಲ್ಲದೆ ಬದಲಿಸಿ ಎನ್ನಿ. ಮೇಲೆ ಕಪ್ಪು ಸೋಯಾ ಸಾಸ್ ನಾಲ್ಕೈದು ತೊಟ್ಟು, ಬಿಳಿ ಮೆಣಸಿನ ಪುಡಿ ಎರಡು ಸಲ ಉದುರಿಸಿ. ಹೊಸಬರು ಸಾಸ್ ಬಾಟಲಿಯನ್ನು ಸಾಂಬಾರಿನಂತೆ ಸುರಿದು ಉಪ್ಪಿನ ಕೊಳ ಮಾಡಿಕೊಳ್ಳುತ್ತಾರೆ. ಕಡಿಮೆಯಾದರೆ ಮತ್ತೆ ಹಾಕಬಹುದು, ಹೆಚ್ಚಾದದ್ದನ್ನು ತೆಗೆಯಲಾಗದು. ಬೇರೆ ಉಪ್ಪು ಬೇಡವೇ ಬೇಡ.

ಗರ್ಭಿಣಿಯರು, ಪುಟ್ಟ ಮಕ್ಕಳು ಅರೆಬೆಂದ ಮೊಟ್ಟೆಯಿಂದ ದೂರ ಇರುವುದು ಕ್ಷೇಮ.

ಮನೆಗೆ ಬಂದ ಮೇಲೂ ಬೇಕೆನಿಸಿದರೆ: ಫ್ರಿಜ್‌ನಿಂದ ತೆಗೆದು ಒಂದು ಗಂಟೆ ಹೊರಗಿಟ್ಟ ಎರಡು ಮೊಟ್ಟೆ, ಒಂದು ಲೀಟರ್ ನೀರು. ನೀರು ಚೆನ್ನಾಗಿ ಕುದಿದ ಮೇಲೆ ಒಲೆ ಆರಿಸಿ, ಮೊಟ್ಟೆ ಮೆಲ್ಲಗೆ ಇಳಿಸಿ, ಮುಚ್ಚಿ 7 ನಿಮಿಷ ಬಿಡಿ. ತೆಗೆದ ಕೂಡಲೇ ಒಡೆಯಿರಿ. ನಾಲ್ಕು ಮೊಟ್ಟೆಗೆ ಅದೇ ಒಂದು ಲೀಟರ್ ಸಾಲದು, ನೀರು ಬೇಗ ತಣಿದು ಬಿಳಿ ಹಸಿಯಾಗಿ ಉಳಿಯುತ್ತದೆ. ಫ್ರಿಜ್‌ನಿಂದ ನೇರ ಹಾಕಿದರೆ ಚಿಪ್ಪು ಬಿರುಕು ಬಿಡುವುದೂ ಉಂಟು.

ತಿನ್ನುವ ಕ್ರಮ

ಮೂರೂ ಮೇಜಿಗೆ ಬಂದ ಮೇಲೆ ಮೊದಲು ಕಾಫಿ ಕಲಕಿ ಬದಿಗಿಡಿ. ಆಮೇಲೆ ಮೊಟ್ಟೆ ಒಡೆದು, ಸಾಸ್-ಮೆಣಸು ಹಾಕಿ, ಹಳದಿಯನ್ನು ಚಮಚದಿಂದ ಚುಚ್ಚಿ ಎರಡು ಸುತ್ತು ಬೆರೆಸಿ. ಟೋಸ್ಟಿನ ಮೂಲೆಯನ್ನು ಅದರಲ್ಲಿ ಅದ್ದಿ ಬಾಯಿಗಿಡಿ, ಹಿಂದೆಯೇ ಒಂದು ಗುಟುಕು ಕಾಫಿ. ಸಿಹಿ ಜಾಮಿಗೆ ಸೋಯಾ ಸಾಸ್ ಎಂದರೆ ಮುಖ ಸಿಂಡರಿಸುವವರು, ಒಬ್ಬಟ್ಟಿನ ಎಲೆಯಲ್ಲೇ ಉಪ್ಪಿನಕಾಯಿ ನೆಕ್ಕುವ ನಮ್ಮ ಅಭ್ಯಾಸವನ್ನು ನೆನೆಸಿಕೊಳ್ಳಬಹುದು. ಉಳಿದ ಮೊಟ್ಟೆಯನ್ನು ಬಸಿ ಎತ್ತಿ ಹೀರುವುದು ಅಲ್ಲಿ ಅಸಭ್ಯವಲ್ಲ. ಕಾಫಿ ತೀರಾ ಬಿಸಿಯಿದ್ದರೆ ಅದನ್ನೂ ಬಸಿಗೆ ಸುರಿದು ಕುಡಿಯುವ ಹಿರಿಯರಿದ್ದಾರೆ. ಬಸಿಯಲ್ಲಿ ಕಾಫಿ ಕುಡಿದು ಬೆಳೆದವರಿಗೆ ಇದೊಂದನ್ನು ಹೇಳಿಕೊಡಬೇಕಿಲ್ಲ.

ಸಸ್ಯಾಹಾರಿಗಳಿಗೆ

ನೇರವಾಗಿ ಹೇಳುವುದಾದರೆ, ಕಾಯಾದಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಹೆಸರಿನಲ್ಲಿ ತೆಂಗಿನ ಜಾಮ್ ಎಂದು ಬರೆದಿದ್ದರೂ ಅಷ್ಟೇ. ಮೊಟ್ಟೆ ತಿನ್ನದವರು ಬೆಣ್ಣೆ-ಸಕ್ಕರೆ ಟೋಸ್ಟ್ ಅಥವಾ ಪೀನಟ್ ಬಟರ್ ಟೋಸ್ಟ್ ಕೇಳಬೇಕು. ಬೆಣ್ಣೆಯ ಮೇಲೆ ಹರಳು ಸಕ್ಕರೆ ಕರುಂ ಎನ್ನುವ ಆ ಟೋಸ್ಟ್ ನಿಜಕ್ಕೂ ಚೆನ್ನಾಗಿರುತ್ತದೆ, ಸಮಾಧಾನದ ಬಹುಮಾನವೇನಲ್ಲ. ಚಾಕು ಮತ್ತು ಹಲಗೆ ಮಾತ್ರ ಎಲ್ಲದಕ್ಕೂ ಒಂದೇ. ಹಿಂದೆ ಕಾಫಿ ಬೀಜ ಹುರಿಯಲು ಹಂದಿಯ ಕೊಬ್ಬನ್ನೂ ಬಳಸುತ್ತಿದ್ದುದುಂಟು; ಕಟ್ಟುನಿಟ್ಟಿನವರು ಹಳೆಯ ಅಂಗಡಿಯಲ್ಲಿ ಕೇಳಿಯೇ ಮುಂದುವರಿಯಲಿ.

ಮೋಸ ಹೋಗುವುದು ಬೇರೆ ತಿಂಡಿಗಳಲ್ಲಿ. ಎಲೆಯಲ್ಲಿ ಕಟ್ಟಿಟ್ಟ ನಾಸಿ ಲೆಮಾಕ್ ತೆಂಗಿನ ಹಾಲಿನ ಅನ್ನವೇ, ಆದರೆ ಅದರ ಸಂಬಾಲ್ ಎಂಬ ಖಾರದ ಚಟ್ನಿಯಲ್ಲಿ ಒಣಮೀನು, ಸಿಗಡಿಯ ಪೇಸ್ಟ್ ಆದ ಬೆಲಾಚಾನ್ ಇರುತ್ತದೆ. ಹೈನಾನೀಸ್ ಚಿಕನ್ ರೈಸ್‌ನ 'ಬರೀ ಅನ್ನ' ಕೇಳಿದರೂ ಆ ಅನ್ನ ಬೆಂದಿರುವುದು ಕೋಳಿಯ ಕೊಬ್ಬು ಮತ್ತು ರಸದಲ್ಲಿ. 'ವೆಜಿಟೇರಿಯನ್' ಅರ್ಥವಾಗದಿದ್ದರೆ ಮ್ಯಾಂಡರಿನ್‌ನಲ್ಲಿ 'ವೊ ಚಿ ಸು' ಎನ್ನಿ: ನಾನು ಸಸ್ಯಾಹಾರಿ.

ಮಧ್ಯಾಹ್ನ ಹೋದರೆ

ಬಂಗಲೆಯ ಅಡುಗೆಮನೆಯ ನೆನಪು ಉಳಿದಿರುವುದು ಚಾಪ್‌ಗಳಲ್ಲಿ. ಕೋಳಿ ತೊಡೆಯ ಮಾಂಸವನ್ನು ಕರಿದು, ಟೊಮೆಟೊ ಮತ್ತು ವೂಸ್ಟರ್ ಸಾಸ್‌ನ ತೆಳು ಗ್ರೇವಿ, ಈರುಳ್ಳಿ, ಬಟಾಣಿ, ಆಲೂಗಡ್ಡೆಯೊಂದಿಗೆ ಕೊಡುತ್ತಾರೆ. ಹಂದಿ ಚಾಪ್‌ನ ಹೊರಪದರಕ್ಕೆ ಪುಡಿಮಾಡಿದ ಕ್ರೀಮ್ ಕ್ರ್ಯಾಕರ್ ಬಿಸ್ಕತ್ತು ಬಳಸುವುದು ಹೈನಾನೀಸರ ಜಾಣತನ. ಯುತ್ ಕೀಯ ಪ್ರಸಿದ್ಧ ತಿಂಡಿ ರೋಟಿ ಬಾಬಿ. 'ರೋಟಿ' ಎಂಬ ಹೆಸರು ನೋಡಿ ಚಪಾತಿ ಎಂದುಕೊಳ್ಳಬೇಡಿ: 'ಬಾಬಿ' ಎಂದರೆ ಹಂದಿ, ಬ್ರೆಡ್ಡಿನೊಳಗೆ ಅದರ ಮಾಂಸ ತುಂಬಿ ಮೊಟ್ಟೆಯಲ್ಲಿ ಅದ್ದಿ ಕರಿದದ್ದು.

ದುಡ್ಡು, ತಟ್ಟೆ, ಪಾರ್ಸೆಲ್

ಪಾನೀಯ ಮೇಜಿಗೆ ಬಂದಾಗಲೇ ದುಡ್ಡು ಕೊಡುವುದು ಹಳೆಯ ಅಂಗಡಿಗಳ ಪದ್ಧತಿ. ಬಿಲ್ ಕಾಯುತ್ತ ಕೂರಬೇಡಿ. ಚಿಲ್ಲರೆ ನಗದು ಇಟ್ಟುಕೊಳ್ಳಿ. ಸ್ಥಳೀಯ ಕ್ಯೂಆರ್ ಇದ್ದರೂ ಪ್ರವಾಸಿಗರ ಕಾರ್ಡ್ ಎಲ್ಲೆಡೆ ನಡೆಯದು. ಬೇರೆ ಮಳಿಗೆಯ ತಿಂಡಿಗೆ ಆಯಾ ಮಳಿಗೆಯಲ್ಲೇ ಕೊಡಬೇಕು. ಟಿಪ್ಸ್ ಇಲ್ಲ.

ಸಿಂಗಾಪುರದ ಕಾಫಿ ಅಂಗಡಿಗಳಲ್ಲಿ 2022ರ ಜನವರಿಯಿಂದ ತಟ್ಟೆ-ಟ್ರೇ ಹಿಂತಿರುಗಿಸುವುದು ಕಡ್ಡಾಯ. ಮೊದಲ ಸಲಕ್ಕೆ ಎಚ್ಚರಿಕೆ, ಎರಡನೇ ಸಲಕ್ಕೆ 300 ಸಿಂಗಾಪುರ ಡಾಲರ್ ದಂಡ. ಟ್ರೇ ಇಡುವ ಕಪಾಟುಗಳು ಹಲಾಲ್, ಹಲಾಲ್ ಅಲ್ಲದ್ದು ಎಂದು ಬೇರೆ ಬೇರೆ ಇರುವುದೂ ಉಂಟು, ಫಲಕ ನೋಡಿ ಇಡಿ. ಬಳಸಿದ ಟಿಶ್ಯೂವನ್ನೂ ಮೇಜಿನ ಮೇಲೆ ಬಿಡುವಂತಿಲ್ಲ.

ಪಾರ್ಸೆಲ್‌ಗೆ ಸಿಂಗಾಪುರದಲ್ಲಿ 'ದಾ ಬಾವ್', ಮಲೇಷ್ಯಾದಲ್ಲಿ 'ಬುಂಗ್ಕುಸ್' ಅಥವಾ 'ತಾ ಪಾವ್'. ಟೋಸ್ಟ್ ಪಾರ್ಸೆಲ್ ಮಾಡಿಸುವುದು ವ್ಯರ್ಥ, ದಾರಿಯಲ್ಲೇ ಮೆತ್ತಗಾಗುತ್ತದೆ. ಕಾಫಿಯನ್ನು ಹಿಡಿಕೆಯಿರುವ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಸ್ಟ್ರಾ ಚುಚ್ಚಿ ಕೊಡುವುದು ಇಂದಿಗೂ ಉಂಟು. ಅದನ್ನು ಎಲ್ಲೂ ಕೆಳಗಿಡಲು ಬರುವುದಿಲ್ಲ. ಬೆರಳಿಗೆ ನೇತುಹಾಕಿಕೊಂಡು, ಚೀಲದ ಹೊಟ್ಟೆಯನ್ನು ಹಿಸುಕದೆ, ನಡೆಯುತ್ತಲೇ ಕುಡಿದು ಮುಗಿಸಬೇಕು.